ಹೊಟ್ಟೆ ಸೀಳಿದ ಅಕ್ಷರ

ಮನೆಯಿಂದ,
ಹದಿನೆಂಟನೆಯ ತಾರೀಖು, ಗುರುವಾರ

ಚಿರಂಜೀವಿ ಮಗನಿಗೆ ನಿನ್ನ ತಂದೆಯ ಆಶೀರ್ವಾದಗಳು.

ಸುರಂಗದ ಧೂಳಿನಿಂದ ಹತ್ತಿದ ಕೆಮ್ಮು ಈಗ ಹೇಗಿದೆ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಒಳಗೆ ಇಳಿಯಬೇಡ. ಕಳೆದ ಪತ್ರದಲ್ಲಿ ನೀನು ‘ಆರೊಗ್ಯ’ ಎಂದು ಬರೆದಿದ್ದೀಯೆ. ದೀರ್ಘವನ್ನು ನುಂಗಿದರೆ ಕೆಮ್ಮು ವಾಸಿಯಾಗುವುದಿಲ್ಲ. ನನ್ನ ಮಂಡಿನೋವು ಇದ್ದಲ್ಲಿಯೇ ಇದೆ. ನಿನ್ನ ಮಗಳಿಗೆ ನಿನ್ನೆಗೆ ಐದು ವಾರ ತುಂಬಿತು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ತೂಕ ಇನ್ನೂ ಎರಡು ಕಿಲೋ ಇನ್ನೂರು ಗ್ರಾಂ. ಕಿವಿಗಳು ನಿನ್ನವೇ, ಯಾರ ಮಾತನ್ನೂ ಕೇಳುವ ಲಕ್ಷಣವಿಲ್ಲ. ದಾದಿಯು, ‘ಎರಡೂವರೆ ಕಿಲೋ ಆಗೋ ತನಕ ತಾಯಿ ಎದೆಯಿಂದ ಕೆಳಗಿಳಿಸ್ಬೇಡಿ, ಕೂಸು ತಣ್ಣಗಾದ್ರೆ ನನ್ನ ಕೇಳ್ಬೇಡಿ’ ಎಂದು ಹೇಳಿಹೋಗಿದ್ದಾಳೆ. ಆದರೆ ನಿನ್ನ ಹೆಂಡತಿ ಮಗುವನ್ನು ಎದೆಗವಚಿಕೊಂಡು ಕುಳಿತರೆ ಒಲೆ ಉರಿಯುವುದು ಹೇಗೆ? ಇಟ್ಟಿಗೆ ಗೂಡಿನ ಮೇಸ್ತ್ರಿ ಅವಳ ಜಾಗವನ್ನು ಒಂದನೆಯ ತಾರೀಖಿನವರೆಗೆ ಮಾತ್ರ ಕಾದಿರಿಸುವನಂತೆ. ಈ ಇಕ್ಕಟ್ಟಿಗೆಂದೇ ಬಡ ಬಾಣಂತಿಯರಿಗೆ ಸರ್ಕಾರವು ಸಹಾಯಧನವನ್ನು ಕೊಡುತ್ತದೆ. ಅದು ಬಂದಿಲ್ಲ.

ಏಕೆ ಬರಲಿಲ್ಲವೆಂದು ಕೇಳಲು ಸೋಮವಾರ ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ಕಚೇರಿಗೆ ಹೋಗಿದ್ದೆ. ಬಾಗಿಲಲ್ಲಿಯೇ ಒಂದು ಫಲಕ: ‘ಬಾಣಂತಿಯರಿಗೆ ಸಹಾಯದನ’. ಕೊಡುವುದು ಹಣವನ್ನೋ ಹಸುವನ್ನೋ ಎಂಬುದೇ ತಿಳಿಯದ ಜನ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ನನ್ನ ಕಣ್ಣಿಗೆ ಅದು ಬಿದ್ದ ಕೂಡಲೇ, ಒಳಗೆ ಎಂಥ ಪಂಡಿತರು ಕುಳಿತಿರಬಹುದೆಂದು ಊಹಿಸಿದೆ. ಊಹೆ ಹುಸಿಯಾಗಲಿಲ್ಲ. ಗುಮಾಸ್ತನೆಂಬ ಆ ಪ್ರಾಣಿ ಒಂದು ಕೈಯಲ್ಲಿ ಕಿವಿ ಕೆರೆಯುತ್ತ, ಇನ್ನೊಂದರಲ್ಲಿ ಗಣಕಯಂತ್ರವನ್ನು ಕುಟ್ಟುತ್ತ, ಮುಖವೆತ್ತದೆ ನುಡಿದ: ‘ಅಜ್ಜಾ, ಹೆಸರು ತಾಳೆ ಆಗ್ತಿಲ್ಲ. ಅರ್ಜೀಲಿ ದ ಹೊಟ್ಟೆ ಸೀಳಿದೆ, ಪಾಸ್‌ಬುಕ್ಕಲ್ಲಿ ಸೀಳಿಲ್ಲ. ಕಂಪ್ಯೂಟರ್ ಪ್ರಕಾರ ಇವರು ಇಬ್ಬರು ಹೆಂಗಸರು. ಹೆತ್ತೋರು ಯಾರು?’

ಮಹಾಪ್ರಾಣವೆಂಬ ಶಬ್ದವಿರುವಾಗ ಹೊಟ್ಟೆ ಸೀಳುವ ಈ ಕಟುಕರ ಭಾಷೆಯನ್ನು ಖಂಡಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಹೆಂಡತಿ ಮುಂದೆ ಬಂದಳು. ‘ಅಕ್ಷರದ ಹೊಟ್ಟೆ ವಿಷಯ ನಂಗೊತ್ತಿಲ್ಲ ಸಾರ್. ನನ್ನ ಹೊಟ್ಟೆ ಸೀಳಿ ಈ ಕೂಸನ್ನ ತೆಗೆದಿದ್ದಾರೆ. ಹೊಲಿಗೆ ಹಾಕಿದ್ದು ಇನ್ನೂ ಕೆಂಪಗಿದೆ. ನೀವು ಬರೆದಿದ್ದಕ್ಕೆ ನಾನು ಯಾಕೆ ಗೂಡಲ್ಲಿ ಇಟ್ಟಿಗೆ ಹೊರಬೇಕು?’ ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಗುಮಾಸ್ತನ ಕಿವಿ ಕೆಂಪಾಯಿತು. ‘ನಾನು ಬರೆದಿದ್ದಲ್ಲಮ್ಮಾ’ ಎಂದು ಗೊಣಗಿ, ಹೊಸದಾಗಿ ಅರ್ಜಿ ಕೊಡಿರೆಂದು ಕೈಬೀಸಿದ. ಒಂದು ಗೆರೆಗಾಗಿ ತಾಯಿಯೊಬ್ಬಳನ್ನು ಇಬ್ಬರಾಗಿಸುವ ಯಂತ್ರ, ಅದಕ್ಕೆ ತಕ್ಕ ಯಜಮಾನ. ಹೆಸರಿನ ಉಚ್ಚಾರವನ್ನೂ ಕೇಳದೆ ಗೀಚಿದ ಬ್ಯಾಂಕಿನವರು ಇವರಿಬ್ಬರನ್ನೂ ಮೀರಿಸಿದ ಮಹಾನುಭಾವರು. ಇವರ ಕೈಗೆ ನಮ್ಮ ಕೂಸಿನ ತೂಕವನ್ನು ಒಪ್ಪಿಸಿದ್ದೇವೆ.

ಸೊಸೆ ದಾರಿಯುದ್ದಕ್ಕೂ ಮಗುವನ್ನು ಸೆರಗಿನೊಳಗೆ ಅವಚಿಕೊಂಡೇ ನಡೆದಳು. ಮನೆಗೆ ಬಂದು, ‘ಬಿಡಿ ಮಾವ, ಒಂದನೇ ತಾರೀಖು ಹೋಗ್ತೀನಿ. ಮಧ್ಯ ಮಧ್ಯ ಓಡಿ ಬಂದು ಹಾಲು ಕೊಡ್ತೀನಿ’ ಎಂದಳು. ಗೂಡು ಇಲ್ಲಿಂದ ಒಂದು ಗಂಟೆಯ ನಡಿಗೆ.

ಹೊತ್ತು ಹೊತ್ತಿಗೆ ಊಟ ಮಾಡು. ಜೊತೆಗಾರರಿಗೆ ನನ್ನ ನಮಸ್ಕಾರ ತಿಳಿಸು.

ಇಂತು ನಿನ್ನ ಹಿತವನ್ನೇ ಬಯಸುವ,
ಅಪ್ಪ

ಮರೆತ ಮಾತು: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಆ ಗೆರೆ ಗುಮಾಸ್ತನದಲ್ಲ, ನನ್ನದು. ಊರಿನ ಆರೋಗ್ಯ ಕಾರ್ಯಕರ್ತೆಯು ಬ್ಯಾಂಕಿನ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಹೊಂದಿಸಿ ಅರ್ಜಿಯನ್ನು ತುಂಬಿದ್ದಳು. ಅವಳು ನೀರು ಕುಡಿಯಲು ಒಳಗೆ ಹೋದಾಗ ನಾನು ತಿದ್ದಿದೆ. ಕಚೇರಿಯಲ್ಲಿ ಸೊಸೆ ಅವನ ಮರ್ಯಾದೆ ತೆಗೆಯುವಾಗಲೂ ಬಾಯಿ ಬಿಡಲಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ. ನಿನ್ನೆ ಹೊಸ ಅರ್ಜಿ ಕೊಟ್ಟು ಬಂದಿದ್ದೇನೆ, ಆದರೆ ಹಣಕ್ಕೆ ಎರಡು ತಿಂಗಳು ಹಿಡಿಯುವುದಂತೆ. ಮುಂಗಡ ಬೇಡಿಯಾದರೂ ಒಂದನೆಯ ತಾರೀಖಿನೊಳಗೆ ಅವಳ ಖಾತೆಗೆ ಕಳುಹಿಸು. ಹೆಸರನ್ನು ನೀನು ಯಾವಾಗಲೂ ಬರೆಯುವಂತೆ ತಪ್ಪಾಗಿಯೇ ಬರೆ. ದಯವಿಟ್ಟು ತಿದ್ದಬೇಡ.