ತೊಗಟೆ ಸುಲಿದ ಮತ್ತಿಮರ

ತೇರಗಾಂವ, ತಾ. ಹಳಿಯಾಳ
11-2-2024, ರವಿವಾರ

ಪ್ರೀತಿಯ ಮಗ ದುಂಡೇಶನಿಗೆ,

ಮೈಯಲ್ಲಿ ಹುಷಾರಾಗಿದ್ದೀಯಾ? ಮಡಗಾಂವದ ಬೇಕರಿಯಲ್ಲಿ ಭಟ್ಟಿಗೆ ಕಟ್ಟಿಗೆ ಒಟ್ಟುವ ಕೆಲಸ ಸಿಕ್ಕಿದೆ ಅಂತ ಇರ್ಫಾನ್ ಹೇಳಿದ, ವಿಳಾಸವನ್ನೂ ಅವನೇ ಕೊಟ್ಟ. ಹೊಗೆ ಕುಡಿದರೆ ನಿನಗೆ ಮೊದಲಿನಿಂದಲೂ ಕೆಮ್ಮು ಹತ್ತುತ್ತದೆ, ಬಾಯಿಗೆ ಒದ್ದೆ ಅರಿವೆ ಕಟ್ಟಿಕೋ. ಬ್ರೆಡ್ಡು ತಿಂದೇ ಹೊಟ್ಟೆ ತುಂಬಿಸಿಕೊಳ್ಳಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟ ಇರುತ್ತವೆ, ನಗಬೇಡ. ಬೇರೆಯವರ ಕೈಯಲ್ಲಿ ಬರೆಸುವ ಮಾತಲ್ಲ ಇದು.

ನಿರ್ಮಲಾ ಬಾಣಂತನ ಮುಗಿಸಿ ಪಾಳಾಕ್ಕೆ ಗಂಡನ ಮನೆಗೆ ಹೋಗಿ ಹದಿನೈದು ದಿನವಾಯಿತು. ಕೂಸು ಗಟ್ಟಿ ಇದೆ. ಹಣೆ ನಿನ್ನದು, ಸಿಟ್ಟು ನನ್ನದು. ಎಣ್ಣೆ ಹಚ್ಚಿ ಬಿಸಿನೀರು ಹಾಕುವಾಗ ಇಡೀ ಓಣಿಗೆ ಕೇಳುವಂತೆ ಒದರುತ್ತಿತ್ತು. ತೊಟ್ಟಿಲಿಗೆ ಹಾಕಿದ ದಿನ ಯಾರೋ ಒಬ್ಬಳು "ಕೂಸಿನ ಮಾವ ಎಲ್ಲ್ಯದಾನ?" ಅಂತ ಕೇಳಿದಳು. "ಸತ್ತಾನ" ಅಂದುಬಿಟ್ಟೆ. ನಿರ್ಮಲಾ ಎದ್ದು ಒಳಗೆ ಹೋದಳು, ಆವತ್ತು ಊಟ ಮಾಡಲಿಲ್ಲ. ನನ್ನ ಬಾಯಿ ಅಂಥದ್ದು, ನಿನಗೆ ಗೊತ್ತೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಮಳೆಗಾಲಕ್ಕೆ ಒಣ ಕಟ್ಟಿಗೆ ಕೂಡಿಹಾಕಬೇಕಲ್ಲ, ಬುಧವಾರ ಪಾಸು ಕೇಳಲಿಕ್ಕೆ ಫಾರೆಸ್ಟ್ ಆಫೀಸಿಗೆ ಹೋಗಿದ್ದೆ. ಅಲ್ಲಿಯ ಕಾರಕೂನ ಪುಸ್ತಕ ತಿರುವಿ, "ನಿಮ್ಮ ಮನೀಗೆ ಪಾಸ್ ಇಲ್ಲಬೇ. ಹಸೀ ಮರ ಕೊಂದೇನಂತ ನಿನ್ನ ಮಗ ಸಹಿ ಮಾಡಿ ಕೊಟ್ಟಾನ" ಅಂದ. ನಾನು ಜಗಳಕ್ಕೇ ನಿಂತೆ. "ಅಂವಾ ಕಾಡ ಮಾರಿದ್ರ ಅಂವನ್ನ ಕೇಳ್ರಿ, ನನ್ನ ಒಲಿ ಏನ ಮಾಡೇತಿ ನಿಮಗ?" ಹೊರಗೆ ಕೂತಿದ್ದ ಇರ್ಫಾನ್ ಕೇಳಿಸಿಕೊಂಡು ಬಂದು ನನ್ನ ರಟ್ಟೆ ಹಿಡಿದು ಹುಣಸೆಮರದ ಕೆಳಗೆ ಕರೆದುಕೊಂಡು ಹೋದ. ನಿನ್ನ ಸಂಗಾಟ ಕಾಡು ಕಾಯುವ ವಾಚರ್ ಕೆಲಸ ಮಾಡಿದವನು, ಎಂದೂ ನನ್ನೆದುರು ದನಿ ಎತ್ತದವನು, ಆವತ್ತು ಎತ್ತಿದ. "ಕಾಕೂ, ಅಂವಾ ರೆಸಾರ್ಟಿಗೆ ಲಾರಿಗಟ್ಟಲೆ ಕಟಗಿ ಮಾರ್ಯಾನಂತ ಯಾರ ಹೇಳ್ಯಾರ ನಿಮಗ? ಲಾರೀನೂ ಇಲ್ಲ, ಏನೂ ಇಲ್ಲ. ಒಂದ ಮರದ ಮಾತದು. ಹಳ್ಳದ ದಂಡಿ ಮ್ಯಾಲಿನ ಮತ್ತಿಮರ."

ಆ ಮರದ ತೊಗಟೆ ಸುಲಿದವಳು ನಾನು.

ಪಾಸಿನಲ್ಲಿ ಸಿಗುವುದು ಒಣಗಿದ್ದು ಮಾತ್ರ, ಹಸಿ ಮರ ಮುಟ್ಟುವ ಹಾಗಿಲ್ಲ. ಅದಕ್ಕೆ ನಮ್ಮ ಓಣಿಯ ಹೆಂಗಸರು ಏನು ಮಾಡುತ್ತಾರೆ ಅಂತ ನಿನಗೆ ಗೊತ್ತಿದೆ. ಮರದ ಸುತ್ತ ಒಂದು ಗೇಣು ತೊಗಟೆ ಸುಲಿದು ಬಂದರೆ ವರ್ಷದೊಳಗೆ ನಿಂತಲ್ಲೇ ಒಣಗುತ್ತದೆ. ಆಮೇಲೆ ಫಾರೆಸ್ಟ್ ಗಾರ್ಡಿಗೆ ತೋರಿಸಿ, ಒಣಗ್ಯಾದ ನೋಡ್ರಿ ಅಂತ ಪಾಸು ತೆಗೆದುಕೊಳ್ಳುವುದು. ನಿರ್ಮಲಾಳ ಮದುವೆಯಾದ ವರ್ಷ, ಬೇಸಿಗೆ ಮುಗಿಯುವುದರೊಳಗೆ ನಾನೂ ಹೋಗಿ ಹಾಗೆ ಮಾಡಿ ಬಂದೆ. ಒಂದಲ್ಲ ಒಂದು ದಿನ ಬಾಣಂತನಕ್ಕೆ ಬರುತ್ತಾಳೆ, ದಿನಾ ಎರಡು ಹಂಡೆ ನೀರು ಕಾಯಬೇಕು, ಹೊರಸಿನ ಕೆಳಗೆ ಕೆಂಡ ಇರಬೇಕು. ಗ್ಯಾಸು ಅದಕ್ಕೆಲ್ಲ ಸಾಲುವುದಿಲ್ಲ, ತಲೆಹೊರೆಯ ಪುಳ್ಳಿ ಕೆಂಡ ಹಿಡಿಯುವುದಿಲ್ಲ. ಇನ್ನೂ ಹುಟ್ಟದ ಕೂಸಿಗೆ ಅಂತ ಮರ ಕೊಂದಿಟ್ಟೆ. ಅದು ನಿನ್ನ ಕಾವಲಿನ ಸರಹದ್ದು ಅಂತ ಗೊತ್ತಿತ್ತು. ಮಗ ಕಂಡರೂ ಕಾಣದ ಹಾಗೆ ಇರುತ್ತಾನೆ ಅಂದುಕೊಂಡೆ.

ನೀನು ಊರು ಬಿಡುವ ಹಿಂದಿನ ದಿನ ಫಾರೆಸ್ಟರ್ ಆ ಮರದ ಮುಂದೆ ನಿನ್ನನ್ನೂ ಇರ್ಫಾನನನ್ನೂ ನಿಲ್ಲಿಸಿ, ಕಚ್ಚಿನ ಮೇಲೆ ಕೈ ಇಟ್ಟು, "ಏಟೆಲ್ಲಾ ಎಡಗೈದು, ಆಳು ಗಿಡ್ಡ. ನಿಮ್ಮೂರಾಗ ಎಡಚರು ಯಾರದಾರ?" ಅಂದರಂತೆ. ಇರ್ಫಾನ್ ನೆಲ ನೋಡಿದನಂತೆ. ನೀನು ಮಾತ್ರ "ನಾನ ಮಾಡೇನ್ರಿ ಸಾಹೇಬ್ರ" ಅಂದೆಯಂತೆ. ನೀ ಬಲಗೈಯವ ಅಲ್ಲೇನು ಅಂತ ಕೇಳಿದ್ದಕ್ಕೆ "ಗುರ್ತ ಹತ್ತಬಾರದಂತ ಎಡಗೈಲೆ ಕಡದೇನ್ರಿ" ಅಂದೆಯಂತೆ. ಎಲ್ಲಿಂದ ಕಲಿತೆಯೋ ಇಷ್ಟು ಸುಳ್ಳು. ಸಣ್ಣವನಿದ್ದಾಗ ಬೆಲ್ಲ ಕದ್ದರೆ ಬಾಯಿ ಒರೆಸಿಕೊಳ್ಳಲಿಕ್ಕೂ ಬರುತ್ತಿರಲಿಲ್ಲ ನಿನಗೆ.

ಆವತ್ತು ಸಂಜೆ ನೀನು ಮನೆಗೆ ಬರುವುದರೊಳಗೆ ನೀನು ರೆಸಾರ್ಟಿಗೆ ಕಟ್ಟಿಗೆ ಮಾರಿದೆ ಅನ್ನುವ ಊರ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. "ಕಾಡ ಮಾರಿ ತಿನ್ನಾಂವಾ ನನ್ನ ಮನ್ಯಾಗ ಬ್ಯಾಡ" ಅಂತ ಓಣಿಯ ಎದುರಿಗೆ ಅಂದೆ. ಹಗ್ಗದ ಮೇಲಿನ ನಿನ್ನ ಖಾಕಿ ಅಂಗಿ ಎಳೆದು ಗಟಾರಕ್ಕೆ ಒಗೆದೆ. ಮರುದಿನ ನೋಡಿದರೆ ನೀನೂ ಇಲ್ಲ, ನನ್ನ ಕೊಡಲಿಯೂ ಇಲ್ಲ. ಹೋಗುವಾಗ ಕೊಡಲಿಯನ್ನೂ ಕದ್ದ ಅಂತ ಪಕ್ಕದ ಮನೆಯ ಈರಕ್ಕನ ಮುಂದೆ ಎಷ್ಟು ಬೈದೆನೋ. ನನ್ನ ಎಡಗೈಗೆ ಹೊಂದುವ ಹಾಗೆ ಕಮ್ಮಾರ ಮಸೆದು ಕೊಟ್ಟ ಕೊಡಲಿ ಅದು. ಆಫೀಸಿನವರು ಮನೆಗೆ ಬಂದು ಕಂಡರೆ ಗುರುತು ಸಿಗುತ್ತದೆ ಅಂತ ನೀನು ಅದನ್ನು ದಾಂಡೇಲಿಯ ಸೇತುವೆಯಿಂದ ಕಾಳಿ ಹೊಳೆಗೆ ಒಗೆದೆ ಅಂತ ಇರ್ಫಾನ್ ಹೇಳಿದ. ಆಮೇಲೆ ಹಳ್ಳಕ್ಕೆ ಹೋಗಿ ಮತ್ತಿಮರದ ಬೊಡ್ಡೆ ಅಷ್ಟೇ ಉಳಿದದ್ದನ್ನು ನೋಡಿದಾಗಲೂ ನನಗೆ ತಿಳಿಯಲಿಲ್ಲ. ಆಫೀಸಿನವರೇ ಕಡಿಸಿ ಒಯ್ದದ್ದಂತೆ, ನಾನು ಮಾತ್ರ ನನ್ನ ಮರವನ್ನೂ ಮಾರಿಕೊಂಡ ಅಂತ ಇನ್ನಷ್ಟು ಉರಿದೆ. ಯಾವ ಮರ, ಏನಾಯಿತು ಅಂತ ನಿನ್ನನ್ನು ಒಂದು ಮಾತು ಕೇಳಿದ್ದರೆ ಮುಗಿದು ಹೋಗುತ್ತಿತ್ತು. ಕೇಳಲಿಲ್ಲ.

ಇನ್ನೊಂದು ಹೇಳುತ್ತೇನೆ ಕೇಳು. ನಿರ್ಮಲಾಳ ಹಂಡೆಗೆ ಗೋವಿನಜೋಳದ ಬೆಂಡು, ಹತ್ತಿಕಟ್ಟಿಗೆ, ಹೊಲದ ಬದುವಿನ ಪುಳ್ಳಿ ಹಾಕಿದೆ. ಮೂರು ತಿಂಗಳು ನೀರು ಚೆನ್ನಾಗಿಯೇ ಕಾಯಿತು. ಮತ್ತಿಮರ ಬೇಕೇ ಇರಲಿಲ್ಲ.

ನಾಳೆ ಆಫೀಸಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬರುತ್ತೇನೆ. ಇರ್ಫಾನ್ ಸಲಾಂ ಹೇಳಿದ್ದಾನೆ. ಭಟ್ಟಿಯ ಬಾಯಿಗೆ ಹೆಚ್ಚು ಬಗ್ಗಬೇಡ. ದೇವರು ನಿನ್ನ ಕೈಕಾಲು ಗಟ್ಟಿ ಇಟ್ಟಿರಲಿ.

ನಿನ್ನ ಅವ್ವ
ಮಾಲವ್ವ

ತಾ.ಕ.: ಮಂಗಳವಾರ ಬರೆಯುತ್ತಿದ್ದೇನೆ, ಟಪಾಲು ಹೋಗುವ ಹೊತ್ತಾಯಿತು. ನಿನ್ನೆ ಹೋಗಿದ್ದೆ. ಫಾರೆಸ್ಟರ್ ಖುರ್ಚಿ ಕೊಟ್ಟರು, ಚಹಾ ಕೊಟ್ಟರು, ಎಲ್ಲ ಕೇಳಿಕೊಂಡು, "ಎಲ್ಲಾ ತಾಯಂದ್ರೂ ಹಿಂಗ ಹೇಳ್ತಾರಬೇ. ಅಂವನ ಸಹಿ ಐತಿ. ಅಂವಾನ ಬಂದು ಬ್ಯಾರೆ ಹೇಳಿದ್ರ ನೋಡೂಣು" ಅಂದರು. ಬೈದೆ, ಅವರು ನಕ್ಕರು. ನನ್ನ ಮಾತು ಅಲ್ಲಿ ನಡೆಯುವುದಿಲ್ಲ, ನಿನ್ನದೇ ಬೇಕು. ಬಂದು ಅವರ ಮುಂದೆ ನಿಂತು, ನಮ್ಮವ್ವ ಮಾಡ್ಯಾಳ ಅಂತ ಹೇಳು. ನಾನು ಪಕ್ಕದಲ್ಲೇ ಇರುತ್ತೇನೆ, ನನ್ನ ಮುಖ ನೋಡಬೇಡ. ಹೇಳಿ ಸಂಜೆ ಬಸ್ಸಿಗೇ ಗೋವೆಗೆ ಹೋಗುವುದಿದ್ದರೆ ಹೋಗು. ಇರು ಅಂತ ನಾನು ಅನ್ನುವುದಿಲ್ಲ, ಅನ್ನಲಿಕ್ಕೆ ನನಗೆ ಮುಖವಿಲ್ಲ.