ನನ್ನ ನಂಬರಿಗೆ ಬಂದ ಕೆಲಸ

ಮಾರ್ಚ್ 3, ರಾತ್ರಿ 2.10

ಗುರ್ ಅಂತು. ಎದ್ದು ಓಡಿದೆ. ಅಕ್ಕಿ ಡಬ್ಬದ ಮೇಲಿಟ್ಟ ಫೋನು. ರಿಂಗ್ ಆದರೆ ಮಗು ಏಳುತ್ತೆ, ತಗಡಿನ ಮೇಲೆ ನಡುಗಿದರೆ ನನಗಷ್ಟೇ ಕೇಳುತ್ತೆ. ಮೇಲ್ ಬಂದಿತ್ತು. ಅರ್ಜಿ ಹಾಕಿದ್ದಕ್ಕೆ ಥ್ಯಾಂಕ್ಸ್ ಅಂತೆ, ವಿಷಾದ ಅಂತೆ. ಇಲ್ಲ ಅನ್ನೋದನ್ನ ಇಷ್ಟು ನಯವಾಗಿ ಹೇಳೋಕೆ ಎಲ್ಲಿ ಕಲೀತಾರೋ.

ಇವರು ಲಿಫ್ಟ್ ಮೆಕ್ಯಾನಿಕ್. ವಿಸಿಟ್ ವೀಸಾದಲ್ಲಿ ಹೊರದೇಶಕ್ಕೆ ಹೋಗಿ ಕೂತಿದ್ದಾರೆ, ಅಲ್ಲೇ ಕೆಲಸ ಹುಡುಕೋಣ ಅಂತ. ಸ್ಪ್ಯಾನರ್ ಕೊಟ್ಟರೆ ರಾಜ, ಅರ್ಜಿ ಅಂದರೆ ಜ್ವರ. ಹಗಲು ಅವರು ಅಲ್ಲಿ ಕಂಪನಿ ಬಾಗಿಲು ತಟ್ಟೋದು, ಮಗು ಮಲಗಿದ ಮೇಲೆ ನಾನಿಲ್ಲಿ ಅವರ ಹೆಸರಲ್ಲಿ ಅಪ್ಲೈ ಮಾಡೋದು. ಅವರ ಸ್ವಂತ ಫೋನ್ ನೀರಿಗೆ ಬಿದ್ದು ಕೆಟ್ಟಿದೆ, ಅದೇ ರೂಮಲ್ಲಿರೋ ಡ್ರೈವರ್ ಹುಡುಗನ ಫೋನೇ ಗತಿ. ಅದಕ್ಕೆ ಎಲ್ಲಾ ಅರ್ಜಿಗೂ ನನ್ನ ನಂಬರು.

ಇನ್ನೆರಡು ಕಳಿಸಿ ಮಲಗಬೇಕು. ನಿದ್ದೆ ಬಂದರೆ.

ಮಾರ್ಚ್ 4

ಇವತ್ತು ಮಾತಾಡಿದರು.

"ಊಟ ಆಯ್ತಾ?"

"ಆಯ್ತು."

"ಏನ್ ಊಟ?"

"ಆಯ್ತು ಅಂದ್ನಲ್ಲ ಮಾರಾಯ್ತಿ. ಏನಾದ್ರೂ ಬಂತಾ?"

"ಬರುತ್ತೆ ರೀ."

ಅತ್ತೆ ಫೋನ್ ಕಿತ್ಕೊಂಡರು. "ಊರವರನ್ನೆಲ್ಲ ಮೇಲೆ ಹತ್ತಿಸ್ದೋನು, ನೀನು ಯಾವಾಗಪ್ಪಾ ಹತ್ತೋದು?" ತಮಾಷೆಗೇ ಅಂದಿದ್ದು. ಇವರೂ ನಕ್ಕರು. ಫೋನ್ ವಾಪಸ್ ನನ್ನ ಕೈಗೆ ಬಂತು. ಮಗು ಉಸಿರಾಡೋದು ಕೇಳಿಸು ಅಂದರು. ಕೇಳಿಸಿದೆ.

ಮಾರ್ಚ್ 9

ಆವತ್ತಿಂದ ಫೋನಿಲ್ಲ. ತಡೀಲಾರದೆ ನಾನೇ ಡ್ರೈವರ್‌ಗೆ ಮಾಡಿದೆ.

"ಅಯ್ಯೋ ಅಕ್ಕಾ, ಅಣ್ಣ ರೂಮ್ ಬಿಟ್ಟು ಮೂರು ದಿನ ಆಯ್ತು. ನಿಮಗೆ ಹೇಳಿಲ್ವಾ?"

"ಯಾಕೆ? ಜಗಳ ಆಯ್ತಾ?"

"ಜಗಳಾನಾ! ಬಾಯಿ ಬಿಟ್ರೆ ತಾನೇ ಜಗಳ. ಇನ್ನೊಬ್ಬರ ಹಂಗಲ್ಲಿ ಎಷ್ಟು ದಿನ ಅಂತ ಅಂದ್ರು, ಹೊರಟೇಬಿಟ್ರು. ಟೂಲ್ ಬ್ಯಾಗ್ ಇಲ್ಲೇ ಇದೆ."

ಟೂಲ್ ಬ್ಯಾಗ್ ಬಿಟ್ಟು ಹೋಗಿದ್ದಾರೆ! ಮದುವೆ ಮನೆಗೂ ಅದನ್ನ ಹೊತ್ಕೊಂಡು ಬರೋ ಮನುಷ್ಯ.

ಅತ್ತೆಗೆ ಹೇಳಿಲ್ಲ. ಏನಂತ ಹೇಳಲಿ.

ಮಾರ್ಚ್ 12, ಸಂಜೆ

ಹೊರದೇಶದ ನಂಬರು. ಇವರೇ ಅಂತ "ರೀ, ಎಲ್ಲಿದ್ದೀರಿ!" ಅಂತ ಕಿರುಚಿಬಿಟ್ಟೆ. ಯಾರೋ ಗಂಡಸು, ಇಂಗ್ಲಿಷಿನಲ್ಲಿ ಗಂಟಲು ಸರಿಮಾಡಿಕೊಂಡ. ಲಿಫ್ಟ್ ಕಂಪನಿ ಫೋರ್‌ಮನ್. ಹೋದವಾರ ಕಳಿಸಿದ ಅರ್ಜಿ. ನಾಳೆ ಬೆಳಗ್ಗೆ ಎಂಟಕ್ಕೆ ವರ್ಕ್‌ಶಾಪಿಗೆ ಬಂದು ಕೆಲಸ ಮಾಡಿ ತೋರಿಸಲಿ, ಸರಿಹೋದರೆ ನಾಳೆಯೇ ಕೆಲಸದ ವೀಸಾಗೆ ಹಾಕ್ತೀವಿ ಅಂದ. ಫೋನ್ ಅವರಿಗೇ ಕೊಡಿ ಅಂದ.

ಸ್ನಾನಕ್ಕೆ ಹೋಗಿದ್ದಾರೆ ಅಂದೆ.

ಬೇರೇನೂ ಹೊಳೀಲಿಲ್ಲ. ನಾಡಿದ್ದು ಬರಬಹುದಾ ಸರ್ ಅಂತ ಕೇಳಿದೆ. ಅಷ್ಟು ಹೊತ್ತು ಸ್ನಾನಾನಾ ಅಂತ ನಕ್ಕ. ನಾಳೆ ಬರದಿದ್ದರೆ ಬೇರೆಯವನನ್ನ ತಗೋತಾನಂತೆ.

ಇವರ ವಿಸಿಟ್ ವೀಸಾ ಮುಗಿಯೋದೂ ನಾಳೆಯೇ ಅಂತ ಫೋನ್ ಇಟ್ಟ ಮೇಲೆ ನೆನಪಾಯ್ತು. ವಾಪಸ್ ಟಿಕೆಟ್ ಮಧ್ಯಾಹ್ನದ್ದು. ಏರ್‌ಪೋರ್ಟಿಗೆ ಹೋಗ್ತಾರೋ, ಯಾವ ಮುಖ ಹೊತ್ತು ಹೋಗಲಿ ಅಂತ ಅಲ್ಲೇ ಎಲ್ಲೋ ಅಡಗಿಬಿಡ್ತಾರೋ... ಸಿಕ್ಕಿಬಿದ್ದರೆ?

ರಾತ್ರಿ 11

ಡ್ರೈವರ್ ಗಾಡಿ ತಗೊಂಡು ಹುಡುಕ್ತಿದ್ದಾನೆ, ಪಾಪ. ಬಸ್ ಸ್ಟಾಂಡು, ಪಾರ್ಕು, ಆಸ್ಪತ್ರೆ ವೆರಾಂಡ. ಆಸ್ಪತ್ರೆ ಯಾಕಪ್ಪಾ ಅಂದೆ. ಅಲ್ಲಿ ಮಲಗಿದರೆ ಯಾರೂ ಎಬ್ಬಿಸಲ್ಲ ಅಕ್ಕಾ ಅಂದ.

ಅತ್ತೆಗೆ ಹೇಳಲೇಬೇಕಾಯ್ತು. ಅಳಲಿಲ್ಲ. ಮಗೂನ ಮಡಿಲಲ್ಲಿ ಹಾಕ್ಕೊಂಡು ಗೋಡೆಗೆ ಒರಗಿದ್ದಾರೆ. "ನಾನು ಹಾಗನ್ನಬಾರದಿತ್ತಾ?" ಅಂತ ಒಂದೇ ಸಲ ಕೇಳಿದರು. ಇಲ್ಲತ್ತೆ ಅಂದೆ. ನಂಬಲಿಲ್ಲ.

ರಾತ್ರಿ 3.30

ಸಿಗಲಿಲ್ಲ ಅಕ್ಕಾ ಅಂದ. ಇನ್ನೊಂದು ಸುತ್ತು ಹೋಗ್ತೀನಿ ಅಂದ.

ರೀ, ಇದನ್ನ ನೀವು ಓದಲ್ಲ ಅಂತ ಗೊತ್ತು. ಮತ್ತೆಲ್ಲಿ ಹೇಳಲಿ? ಕೆಲಸ ಬಂದಿದೆ ರೀ. ನಿಮ್ಮನ್ನೇ ಕರೆದಿದ್ದಾರೆ. ಅಡ್ರೆಸ್ ನನ್ನ ಹತ್ತಿರ ಇದೆ, ನೀವಲ್ಲಿ ಎಲ್ಲೋ ಇದ್ದೀರಿ. ಕಾವಲುಗಾರನ ಫೋನೋ, ದಾರಿಹೋಕರ ಫೋನೋ, ಯಾರ ಕಾಲಾದರೂ ಹಿಡೀರಿ. ಎಲ್ಲಿದ್ರಿ ಅಂತ ಕೇಳಲ್ಲ. ಬೈಯಲ್ಲ. ಅತ್ತೆಗೂ ಕೊಡಲ್ಲ ಫೋನು. ಅಡ್ರೆಸ್ ಅಷ್ಟೇ ಹೇಳ್ತೀನಿ, ಇಟ್ಟುಬಿಡಿ. ಬೆಳಗಾಗೋದರೊಳಗೆ ಒಂದೇ ಒಂದು ಸಲ ಫೋನ್ ಮಾಡಿ ರೀ, ದಮ್ಮಯ್ಯ, ಬೆಳಗಾಗೋದರೊಳಗೆ —