ಬಾವಿಗಳ ವಹಿ

ಬಸವನ ಬಾಗೇವಾಡಿ
12 ಮಾರ್ಚ್ 2004

ಪಂಪ್ ಕಾರ್ಖಾನೆಯ ಮಾಲೀಕರಾದ ಬಸಂತರಾಯ ಸಾಹುಕಾರರಿಗೆ,

ನಾನು ಹದಿನೆಂಟು ವರ್ಷ ಬರೆದಿಟ್ಟ ಬಾವಿಗಳ ವಹಿಯನ್ನು ದಯವಿಟ್ಟು ಮರಳಿ ಕೊಡಿ. ಯಾರ ಬಾವಿ ಎಷ್ಟು ಆಳ, ಯಾವ ತಿಂಗಳು ತಳ ಕಾಣುತ್ತದೆ, ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಎಲ್ಲವೂ ಅದರಲ್ಲಿದೆ. ಪಂಪ್ ರಿಪೇರಿಗೆ ಹೋದಾಗ ಜನ ರೊಟ್ಟಿ ಬಡಿಸುತ್ತ ಹೇಳಿದ್ದು. ಮುಂದಿನ ಸಲ ಬೇಕಾದೀತೆಂದು ಬರೆದುಕೊಂಡೆ. ಆ ತಪ್ಪು ನನ್ನದೇ.

ಗಿರಾಕಿಗಳಿಗೆ ಅನುಕೂಲವೆಂದು ಹೇಳಿ ನೀವು ಅದನ್ನು ಕಂಪ್ಯೂಟರಿಗೆ ಹಾಕಿಸಿದಿರಿ. ಆಮೇಲೆ ಬೋರ್‌ವೆಲ್ ಕಂಪನಿಗೆ ಮಾರಿದಿರಿ. "ಪಂಪಿಗಿಂತ ಈ ಪಟ್ಟಿಗೇ ರೇಟ್ ಹೆಚ್ಚೈತಿ ನೋಡೋ" ಎಂದು ನನ್ನೆದುರೇ ನಕ್ಕಿರಿ. 

ಆ ಕಂಪನಿಯ ಏಜೆಂಟ ಗೊಳಸಂಗಿಯ ಇಂದುಬಾಯಿಯ ಮನೆಗೆ ಹೋಗಿ, "ಮೋದಿನಸಾಬ ಹೇಳ್ಯಾನ್ರಿ. ನಿಮ್ಮ ಬಾವಿ ಬತ್ತೈತಿ, ಮೈದುನ ನೀರು ಕೊಡಂಗಿಲ್ಲ, ಹೌದಲ್ರಿ?" ಎಂದನಂತೆ. ಮೈದುನನ ಸಂಗತಿ ಆಕೆ ಹೇಳಿದ್ದು ನನಗೊಬ್ಬನಿಗೆ.

ಕಂಪ್ಯೂಟರಿನಿಂದಲೂ ಅದನ್ನೆಲ್ಲ ಅಳಿಸಿ. ನನ್ನ ಹೆಸರು ಹಿಡಿದು ಯಾರನ್ನೂ ಯಾರ ಬಾಗಿಲಿಗೂ ಕಳಿಸಬೇಡಿ. ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ. ರಿಪೇರಿಯ ಪಾನಾ, ಇಕ್ಕಳಗಳ ಚೀಲ ವಾಚ್‌ಮನ್ ಹತ್ತಿರ ಇಟ್ಟಿದ್ದೇನೆ.

ನಿನ್ನೆ ಇಂದುಬಾಯಿಯ ಪಂಪ್ ಕೆಟ್ಟಿತ್ತು, ಹೋಗಿದ್ದೆ. ನೀರು ಎಷ್ಟು ಆಳಕ್ಕಿಳಿದಿದೆ ಎಂದು ಕೇಳಿದೆ. ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ನನ್ನ ಯಾಕ ಕೇಳ್ತೀರಿ, ಮಿಸ್ತ್ರಿ? ನಿಮ್ಮ ಕಂಪ್ಯೂಟರಿಗೇ ಕೇಳ್ರಿ."

ಹದಿನೆಂಟು ವರ್ಷ ಆಕೆ ನನ್ನನ್ನು ಕರೆದದ್ದು ಅಣ್ಣಾ ಎಂದು.

ಇಂತಿ,
ಮೋದಿನಸಾಬ